ಸಂವಿಧಾನ ದಿನದ ಪ್ರಬಂಧ ಮತ್ತು ಚಿತ್ರ ಸ್ಪರ್ಧೆ: ಮೆಸೇಜ್ ಬಂದ ದಿನದಿಂದ ಶೀಟ್ ಕೊಡೋವರೆಗೂ ಏನೇನು ಮಾಡ್ಬೇಕು

ನವೆಂಬರ್ ಮೊದಲ ವಾರ ಶಾಲೆ ವಾಟ್ಸಾಪ್ ಗ್ರೂಪಿಗೆ ಒಂದು ಮೆಸೇಜ್ ಬೀಳತ್ತೆ. 26ಕ್ಕೆ ಸಂವಿಧಾನ ದಿನ, ಪ್ರಬಂಧ ಮತ್ತು ಚಿತ್ರ ಸ್ಪರ್ಧೆ ಇದೆ, ಆಸಕ್ತರು ಹೆಸರು ಕೊಡಿ ಅಂತ. 2015ರಲ್ಲಿ ಕೇಂದ್ರ ಸರ್ಕಾರ ಈ ದಿನ ಘೋಷಣೆ ಮಾಡಿದಾಗಿನಿಂದ ಇದು ವರ್ಷವರ್ಷ ನಡೀತಿದೆ, ನಮ್ಮ ಕರ್ನಾಟಕದಲ್ಲಂತೂ 2023ರಲ್ಲಿ ಪ್ರಸ್ತಾವನೆ ಓದೋ ಕಾರ್ಯಕ್ರಮ, 2024ರಲ್ಲಿ ಊರೂರಿಗೆ ಸಂವಿಧಾನ ಜಾಗೃತಿ ಜಾಥಾ, ಬೀದರಿಂದ ಚಾಮರಾಜನಗರದವರೆಗೆ ಮಾನವ ಸರಪಳಿ ಎಲ್ಲ ಆದ್ಮೇಲೆ ಸ್ಪರ್ಧೆಗಳೂ ಜಾಸ್ತಿ ಆಗಿವೆ.

ನಾನು ಹೈಸ್ಕೂಲಲ್ಲಿ ಸಮಾಜ ವಿಜ್ಞಾನ ಹೇಳಿಕೊಡೋನು, ಮಕ್ಕಳನ್ನ ಕಳಿಸಿದ್ದೂ ಉಂಟು, ಬೇರೆ ಕಡೆ ತೀರ್ಪುಗಾರನಾಗಿ ಕೂತಿದ್ದೂ ಉಂಟು. ಆ ಕಡೆ ಕೂತಾಗ್ಲೇ ಗೊತ್ತಾಗಿದ್ದು ಏನಂದ್ರೆ, ಒಂದು ಕಟ್ಟು ಪ್ರಬಂಧ ಬಿಚ್ಚಿದ್ರೆ ಅರ್ಧಕ್ಕಿಂತ ಜಾಸ್ತಿ "ನಮ್ಮ ಸಂವಿಧಾನ ಪ್ರಪಂಚದಲ್ಲೇ ಅತಿ ದೊಡ್ಡ ಲಿಖಿತ ಸಂವಿಧಾನ" ಅಂತ ಶುರುವಾಗಿರತ್ತೆ. ತಪ್ಪೇನಿಲ್ಲ ಅದು, ನಿಜಾನೇ. ಆದ್ರೆ ಹತ್ತನೇ ಸಲ ಓದುವಾಗ ಕಣ್ಣು ತಾನಾಗೇ ಕೆಳಗಿನ ಸಾಲಿಗೆ ಜಾರತ್ತೆ. ಇಡೀ ಸಂವಿಧಾನ ಬರಿಯೋಕೆ ಹೋಗ್ಬೇಡಿ, ಒಂದು ಹಕ್ಕು ಹಿಡ್ಕೊಂಡು ಅದನ್ನ ನಿಮ್ಮ ಬೀದೀಲಿ ಹುಡುಕಿ. ನನ್ನ ಹತ್ರ ಇರೋ ಮುಖ್ಯ ಟಿಪ್ ಇದೊಂದೇ, ಉಳಿದಿದ್ದೆಲ್ಲ ಇದನ್ನ ಮಾಡೋದು ಹೇಗೆ ಅನ್ನೋದಷ್ಟೇ.

1. ಮೊದಲು ಸುತ್ತೋಲೆ ಪೂರ್ತಿ ಓದಿ

ಇದು ಬೋರಿಂಗ್ ಕೆಲಸ, ಆದ್ರೆ ಇಲ್ಲೇ ಎಷ್ಟೋ ಮಕ್ಕಳು ಔಟ್ ಆಗೋದು. ನೋಡ್ಬೇಕಾಗಿದ್ದು: ಮನೇಲಿ ಮಾಡಿ ತರೋದಾ ಅಥವಾ ಸ್ಥಳದಲ್ಲೇ ಮಾಡೋದಾ, ಎಷ್ಟು ಹೊತ್ತು, ಯಾವ ತರಗತಿಯವರು ಯಾವ ವಿಭಾಗ, ಯಾವ ಭಾಷೆ, ಪದಮಿತಿ ಎಷ್ಟು, ಶೀಟು ಅವರೇ ಕೊಡ್ತಾರಾ, ಸೈಜ್ ಎ4 ಆ ಎ3 ಆ, ಹೆಸರು ಮುಂದೆ ಬರೀಬೇಕಾ ಹಿಂದೆಯಾ. ನಮ್ಮ ಹುಡುಗ ಒಬ್ಬ ಒಂದು ವಾರ ಕೂತು ದೊಡ್ಡ ಚಾರ್ಟ್ ಪೇಪರಲ್ಲಿ ಚೆಂದದ ಪೋಸ್ಟರ್ ಮಾಡಿದ್ದ, ನಿಯಮದಲ್ಲಿ ಎ3 ಡ್ರಾಯಿಂಗ್ ಶೀಟ್ ಅಂತಿತ್ತು, ತಗೊಳ್ಳಲೇ ಇಲ್ಲ. ತಪ್ಪು ನಂದೇ, ನಾನೇ ಸರಿಯಾಗಿ ಓದಿರ್ಲಿಲ್ಲ. ಆವತ್ತಿಂದ ಸುತ್ತೋಲೆ ಪ್ರಿಂಟ್ ತೆಗೆದು ಬೋರ್ಡಿಗೆ ಅಂಟಿಸ್ತೀನಿ.

ವಿಷಯದ ಸಾಲನ್ನೂ ಎರಡು ಸಲ ಓದಿ. "ಮೂಲಭೂತ ಹಕ್ಕುಗಳು" ಅಂತ ಕೊಟ್ಟಿದ್ರೆ ಕರ್ತವ್ಯಗಳ ಪಟ್ಟಿ ಹಾಕೋದಲ್ಲ. "ಸಂವಿಧಾನ ಮತ್ತು ನಾನು" ಅಂತಿದ್ರೆ ಅಲ್ಲಿ "ನಾನು" ಇರ್ಲೇಬೇಕು.

2. ಯಾವುದು ಹಕ್ಕು, ಯಾವುದು ಅಲ್ಲ

ಸಂವಿಧಾನದ 3ನೇ ಭಾಗ, 12ನೇ ವಿಧಿಯಿಂದ 35ರವರೆಗೆ, ಇಷ್ಟು ಮೂಲಭೂತ ಹಕ್ಕುಗಳ ಜಾಗ. ಸಮಾನತೆ 14ರಿಂದ 18, ಸ್ವಾತಂತ್ರ್ಯ 19ರಿಂದ 22, ಶೋಷಣೆ ವಿರುದ್ಧದ ಹಕ್ಕು 23 ಮತ್ತು 24, ಧಾರ್ಮಿಕ ಸ್ವಾತಂತ್ರ್ಯ 25ರಿಂದ 28, ಸಂಸ್ಕೃತಿ ಮತ್ತು ಶಿಕ್ಷಣ 29 ಮತ್ತು 30, ಇವೆಲ್ಲ ಕೈತಪ್ಪಿದ್ರೆ ಸೀದಾ ಸುಪ್ರೀಂ ಕೋರ್ಟಿಗೆ ಹೋಗೋ ಹಕ್ಕು 32. ಈ 32ನ್ನ ಅಂಬೇಡ್ಕರ್ ಸಂವಿಧಾನದ ಹೃದಯ, ಆತ್ಮ ಅಂತ ಕರೆದಿದ್ದು, ಸಂವಿಧಾನ ಸಭೇಲಿ, 1948ರ ಡಿಸೆಂಬರಲ್ಲಿ.

ಈಗ ಮಕ್ಕಳು ಪದೇ ಪದೇ ಮಾಡೋ ತಪ್ಪುಗಳು. ಆಸ್ತಿ ಹಕ್ಕನ್ನ ಮೂಲಭೂತ ಹಕ್ಕು ಅಂತ ಬರೀತಾರೆ, 1978ರ 44ನೇ ತಿದ್ದುಪಡೀಲಿ ಅದನ್ನ ತೆಗೆದ್ರು, ಈಗ ಅದು 300ಎ ವಿಧಿಯ ಕೆಳಗೆ ಬರೋ ಸಾಂವಿಧಾನಿಕ ಹಕ್ಕು, ಮೂಲಭೂತ ಹಕ್ಕಲ್ಲ. ಮತದಾನ ಇರೋದು 326ನೇ ವಿಧೀಲಿ, 3ನೇ ಭಾಗದಲ್ಲಿ ಅಲ್ಲ. ಶಿಕ್ಷಣದ ಹಕ್ಕು 21ಎ, ಅದು 6ರಿಂದ 14 ವರ್ಷದ ಮಕ್ಕಳಿಗೆ, ಎಲ್ಲ ವಯಸ್ಸಿಗೂ ಅಲ್ಲ. ಅಂಗೀಕಾರ ಆಗಿದ್ದು 1949ರ ನವೆಂಬರ್ 26, ಜಾರಿಗೆ ಬಂದಿದ್ದು 1950ರ ಜನವರಿ 26, ಇವೆರಡನ್ನ ಅದಲುಬದಲು ಮಾಡೋದಂತೂ ಪ್ರತಿ ವರ್ಷದ ಕಥೆ. "ಸಮಾಜವಾದಿ", "ಜಾತ್ಯತೀತ" ಪದಗಳು ಪ್ರಸ್ತಾವನೆಗೆ ಸೇರಿದ್ದು 1976ರ 42ನೇ ತಿದ್ದುಪಡೀಲಿ, ಮೊದಲಿಂದ ಇರ್ಲಿಲ್ಲ. ಮೂಲಭೂತ ಕರ್ತವ್ಯಗಳು ಬಂದಿದ್ದೂ ಅದೇ ತಿದ್ದುಪಡೀಲಿ, ಆಗ 10 ಇತ್ತು, 2002ರಲ್ಲಿ ಇನ್ನೊಂದು ಸೇರಿ 11 ಆಯ್ತು. ತಮಾಷೆ ಅಂದ್ರೆ ಆ ಹನ್ನೊಂದನೇದು ಮಕ್ಕಳದ್ದಲ್ಲ, ಅಪ್ಪ ಅಮ್ಮಂದು: 6ರಿಂದ 14ರ ಮಗೂಗೆ ಓದೋ ಅವಕಾಶ ಮಾಡಿಕೊಡ್ಬೇಕು ಅನ್ನೋದು. ಇದನ್ನ ಕ್ಲಾಸಲ್ಲಿ ಹೇಳಿದಾಗ ಮಕ್ಕಳ ಮುಖ ನೋಡ್ಬೇಕು ನೀವು.

3. ಒಂದೇ ಹಕ್ಕು, ಅದಕ್ಕೊಂದು ಕಥೆ

ಇಲ್ಲಿ ಟೈಮ್ ಹಾಕಿ. ಎರಡು ದಿನ ಬೇಕಾದ್ರೂ ಹಾಕಿ. ಯಾಕಂದ್ರೆ ಪ್ರಬಂಧ ಆಗ್ಲಿ ಚಿತ್ರ ಆಗ್ಲಿ, ಗೆಲ್ಲೋದು ಸೋಲೋದು ಅರ್ಧ ಇಲ್ಲೇ ತೀರ್ಮಾನ ಆಗಿಬಿಡತ್ತೆ.

ಎರಡು ದಾರಿ ಇದೆ. ಒಂದು, ಕೋರ್ಟ್ ಕೇಸಿನ ದಾರಿ. ಕನ್ನಡದ ಮಕ್ಕಳಿಗೆ ಇದರಲ್ಲಿ ನಿಜವಾಗ್ಲೂ ಅದೃಷ್ಟ, ದೇಶದ ದೊಡ್ಡ ದೊಡ್ಡ ಕೇಸುಗಳು ನಮ್ಮ ಅಕ್ಕಪಕ್ಕದಿಂದಲೇ ಹೋಗಿವೆ. 1992ರ ಮೋಹಿನಿ ಜೈನ್ ಕೇಸು ನೋಡಿ. ಉತ್ತರ ಪ್ರದೇಶದ ಹುಡುಗಿ, ತುಮಕೂರಿನ ಒಂದು ಖಾಸಗಿ ಮೆಡಿಕಲ್ ಕಾಲೇಜಲ್ಲಿ ಸೀಟಿಗೆ ಹೋದ್ರು, ಸರ್ಕಾರಿ ಸೀಟಿಗೆ ವರ್ಷಕ್ಕೆ 2,000 ರೂಪಾಯಿ ಇದ್ದಾಗ ಹೊರರಾಜ್ಯದವರಿಗೆ 60,000 ರೂಪಾಯಿ. ಕೋರ್ಟಿಗೆ ಹೋದ್ರು, ಸುಪ್ರೀಂ ಕೋರ್ಟು ಶಿಕ್ಷಣ ಅನ್ನೋದು ಬದುಕುವ ಹಕ್ಕಿನ ಒಳಗೇ ಬರತ್ತೆ ಅಂತ ಹೇಳ್ತು. ಮಾರನೇ ವರ್ಷ ಉನ್ನಿಕೃಷ್ಣನ್ ಕೇಸಲ್ಲಿ ಅದನ್ನ 14 ವರ್ಷದವರೆಗೆ ಉಚಿತ ಶಿಕ್ಷಣ ಅಂತ ಮಿತಿ ಹಾಕಿ ಗಟ್ಟಿ ಮಾಡಿದ್ರು, 2002ರಲ್ಲಿ 86ನೇ ತಿದ್ದುಪಡಿ ಬಂದು 21ಎ ಆಯ್ತು, 2009ರಲ್ಲಿ ಶಿಕ್ಷಣ ಹಕ್ಕು ಕಾಯ್ದೆ (ಆರ್‌ಟಿಇ), 2010ರ ಏಪ್ರಿಲ್ 1ರಿಂದ ಜಾರಿ. ಅಂದ್ರೆ ಇವತ್ತು ಆರ್‌ಟಿಇ ಸೀಟಲ್ಲಿ ಓದ್ತಿರೋ ಮಗು ತುಮಕೂರಿನ ಆ ಫೀಸು ರಸೀದಿಯಿಂದ ಶುರುಮಾಡಿ ಸೀದಾ ತನ್ನ ಬೆಂಚಿನವರೆಗೆ ಪ್ರಬಂಧ ಎಳ್ಕೊಂಡು ಬರಬಹುದು, ಎಷ್ಟು ಚೆಂದದ ದಾರಿ ಅಲ್ವಾ ಅದು.

ಕಾಸರಗೋಡು, ದಕ್ಷಿಣ ಕನ್ನಡದ ಕಡೆಯವರಿಗೆ ಎಡನೀರು ಮಠದ ಕೇಶವಾನಂದ ಭಾರತಿ ಸ್ವಾಮೀಜಿ ಗೊತ್ತೇ ಇರ್ತಾರೆ, ಯಕ್ಷಗಾನ ಅಂದ್ರೆ ಜೀವ ಬಿಡ್ತಿದ್ದೋರು. ಅವರು ಕೋರ್ಟಿಗೆ ಹೋಗಿದ್ದು ಕೇರಳದ ಭೂಸುಧಾರಣೆಯಲ್ಲಿ ಹೋಗೋ ಮಠದ ಜಮೀನಿಗೆ, ಆದ್ರೆ 1973ರ ಏಪ್ರಿಲ್ 24ಕ್ಕೆ 13 ಜನ ನ್ಯಾಯಮೂರ್ತಿಗಳಲ್ಲಿ 7 ಜನ ಸೇರಿ ಕೊಟ್ಟ ತೀರ್ಪು ಏನಪ್ಪ ಅಂದ್ರೆ ಪಾರ್ಲಿಮೆಂಟು ಸಂವಿಧಾನ ತಿದ್ದಬಹುದು, ಅದರ ಮೂಲ ಸ್ವರೂಪ ಕೆಡಿಸೋ ಹಾಗಿಲ್ಲ. ಇದು ಪಿಯು ಮಕ್ಕಳಿಗೆ ಒಳ್ಳೇ ವಿಷಯ, ಏಳನೇ ಕ್ಲಾಸಿನ ಮಗು ಕೈಗೆ ಕೊಟ್ರೆ ಬಾಯಿಪಾಠ ಆಗ್ಬಿಡತ್ತೆ. ಖಾಸಗಿತನದ ಹಕ್ಕಿನ ಕೇಸು ಹಾಕಿದ್ದು ಕರ್ನಾಟಕ ಹೈಕೋರ್ಟಿನ ನಿವೃತ್ತ ನ್ಯಾಯಮೂರ್ತಿ ಕೆ.ಎಸ್. ಪುಟ್ಟಸ್ವಾಮಿ, ವಯಸ್ಸು 80 ದಾಟಿದ ಮೇಲೆ. 2017ರ ಆಗಸ್ಟಲ್ಲಿ 9 ನ್ಯಾಯಮೂರ್ತಿಗಳು ಒಮ್ಮತದಿಂದ ಖಾಸಗಿತನವೂ ಮೂಲಭೂತ ಹಕ್ಕು ಅಂದ್ರು. ಮೊಬೈಲಲ್ಲೇ ಬೆಳೀತಿರೋ ಮಕ್ಕಳಿಗೆ ಇದಕ್ಕಿಂತ ಹತ್ತಿರದ ವಿಷಯ ಇನ್ನೇನಿದೆ. ಚಿಕ್ಕ ಮಕ್ಕಳಿಗೆ ನಾನು ಹೇಳೋದು ಕೇರಳದ ಮೂರು ಮಕ್ಕಳ ಕಥೆ: ರಾಷ್ಟ್ರಗೀತೆಗೆ ಗೌರವದಿಂದ ಎದ್ದು ನಿಲ್ತಿದ್ರು, ಆದ್ರೆ ಅವರ ನಂಬಿಕೆ ಪ್ರಕಾರ ಹಾಡ್ತಿರ್ಲಿಲ್ಲ, ಶಾಲೆಯಿಂದ ತೆಗೆದ್ರು, 1986ರಲ್ಲಿ ಸುಪ್ರೀಂ ಕೋರ್ಟು ಮಕ್ಕಳ ಪರ ನಿಂತು ವಾಪಸ್ ಸೇರಿಸ್ಕೊಳ್ಳಿ ಅಂತು. ಈ ಕಥೆ ಹೇಳಿ ಸುಮ್ನಿದ್ದುಬಿಡಿ. ಕ್ಲಾಸ್ ಎರಡು ಭಾಗ ಆಗಿ ಜಗಳ ಆಡತ್ತೆ, ಆ ಜಗಳದಲ್ಲೇ ಅರ್ಧ ಪ್ರಬಂಧ ಇರತ್ತೆ.

ಎರಡನೇ ದಾರಿ ಬೀದಿದು. ಜಾತಿ, ಧರ್ಮದ ಹೆಸರಲ್ಲಿ ಭೇದ ಮಾಡಬಾರದು ಅನ್ನೋ 15ನೇ ವಿಧಿ ಎತ್ತಿ ಓದಿಸಿ, ಅದರಲ್ಲಿ ಅಂಗಡಿ, ಹೋಟೆಲು, ಬಾವಿ, ಕೆರೆ, ಸ್ನಾನಘಟ್ಟ, ರಸ್ತೆ ಅಂತೆಲ್ಲ ಹೆಸರು ಹಿಡಿದೇ ಬರೆದಿದೆ. ಇಷ್ಟು ದೊಡ್ಡ ಗ್ರಂಥದಲ್ಲಿ ಬಾವಿ ಯಾಕೆ ಬಂತು? ಈ ಪ್ರಶ್ನೆ ಇಟ್ಕೊಂಡು ಮಗು ಅಜ್ಜಿ ಹತ್ರ ಹೋಗಿ ಕೂರ್ಲಿ. ಊರ ಬಾವಿಯಿಂದ ಯಾರು ನೀರು ಸೇದ್ತಿದ್ರು, ಯಾರು ದೂರ ನಿಂತು ಕಾಯ್ತಿದ್ರು, ಚಹಾ ಅಂಗಡೀಲಿ ಯಾರ ಲೋಟ ಬೇರೆ ಇರ್ತಿತ್ತು, ಈಗ ಹೇಗಿದೆ. ಅಜ್ಜಿ ಹೇಳಿದ ಒಂದು ಮಾತು ಹತ್ತು ವೆಬ್‌ಸೈಟಿಗೆ ಸಮ. ಹಾಗೇ ಬಾಲಕಾರ್ಮಿಕರ ಬಗ್ಗೆ ಹೇಳೋ 24ನೇ ವಿಧಿಗೆ ಬಸ್ ಸ್ಟ್ಯಾಂಡ್ ಪಕ್ಕದ ಪಂಕ್ಚರ್ ಅಂಗಡಿ, 21ಎಗೆ ಬಿಸಿಯೂಟದ ಸಾಲು. ಅಲ್ಲಿರೋ ಯಾರದ್ದೂ ಹೆಸರು, ಅಂಗಡಿ ಹೆಸರು ಮಾತ್ರ ಬರೀಬೇಡಿ, ಪ್ರಬಂಧ ಗೋಡೆಗೆ ಅಂಟಿಸ್ತಾರೆ, ಸುಮ್ನೆ ಇನ್ನೊಬ್ಬರಿಗೆ ನೋವು.

4. ಪ್ರಬಂಧ ಬರೆಯೋದು

500 ಪದ ಅಂದ್ರೆ ಚಿಕ್ಕ ಜಾಗ, ಸೈಟ್ ಚಿಕ್ಕದಾದ್ರೆ ಮನೆ ಪ್ಲಾನ್ ಜಾಣತನದಿಂದ ಮಾಡ್ಬೇಕು ಅಷ್ಟೇ. ನಾನು ಮಕ್ಕಳಿಗೆ ಹೇಳೋ ಲೆಕ್ಕ: ಮೊದಲ 80 ಪದ ಒಂದು ದೃಶ್ಯ ಅಥವಾ ಒಂದು ಪ್ರಶ್ನೆ, ಆಮೇಲೆ 120 ಪದ ವಿಧಿ ಏನು ಹೇಳತ್ತೆ, ಯಾಕೆ ಬಂತು, ಆಮೇಲೆ 200 ಪದ ಅದು ನಿಜ ಜೀವನದಲ್ಲಿ ಎಲ್ಲಿ ಉಳೀತು ಎಲ್ಲಿ ಮುರೀತು, ಕೊನೆ 100 ಪದ ನಾನು ಏನಂತೀನಿ.

ಶುರು ಹೇಗಿರ್ಬೇಕು ಅಂದ್ರೆ ಒಂದು ಉದಾಹರಣೆ ಕೊಡ್ತೀನಿ, ನಾನೇ ಬರೆದಿದ್ದು, ಕಾಪಿ ಹೊಡೀಬೇಡಿ. "ಶಿಕ್ಷಣವು ಪ್ರತಿಯೊಬ್ಬ ಮಗುವಿನ ಮೂಲಭೂತ ಹಕ್ಕಾಗಿದೆ" ಅಂತ ಬರೆದ್ರೆ ತೀರ್ಪುಗಾರರಿಗೆ ಏನೂ ಕಾಣಲ್ಲ. "ನಮ್ಮ ಕ್ಲಾಸಿನ ಹಾಜರಿ ಪುಸ್ತಕದಲ್ಲಿ ರೋಲ್ ನಂಬರ್ 17ರ ಎದುರು ಜೂನಿಂದಲೂ ಬರೀ ಗೈರುಹಾಜರಿ" ಅಂತ ಬರೆದ್ರೆ ಮುಂದೆ ಓದ್ಲೇಬೇಕು ಅನ್ಸತ್ತೆ. ಎರಡೂ ಹೇಳೋದು 21ಎ ಬಗ್ಗೆನೇ.

ಮಧ್ಯದಲ್ಲಿ ಹೊಗಳಿಕೆ ತುಂಬಿಸ್ಬೇಡಿ. ಸಂವಿಧಾನ ಬರೆದೋರೇ ಅದನ್ನ ಹಾಗೆ ನೋಡ್ಲಿಲ್ಲ. 1949ರ ನವೆಂಬರ್ 25ರ ಭಾಷಣದಲ್ಲಿ ಅಂಬೇಡ್ಕರ್ ಎಚ್ಚರಿಸಿದ್ದು ಏನು, ನಾವು ವೈರುಧ್ಯದ ಬದುಕಿಗೆ ಕಾಲಿಡ್ತಿದ್ದೀವಿ, ರಾಜಕೀಯದಲ್ಲಿ ಸಮಾನತೆ, ಸಾಮಾಜಿಕ ಆರ್ಥಿಕ ಬದುಕಲ್ಲಿ ಅಸಮಾನತೆ ಅಂತ. ನಮ್ಮ ಕೆಂಗಲ್ ಹನುಮಂತಯ್ಯ ಅದೇ ಸಭೇಲಿ ಕೂತು, ನಮಗೆ ವೀಣೆ ಸಿತಾರ್ ನಾದ ಬೇಕಿತ್ತು, ಸಿಕ್ಕಿದ್ದು ಇಂಗ್ಲಿಷ್ ಬ್ಯಾಂಡು ಅನ್ನೋ ಅರ್ಥದಲ್ಲಿ ಗೊಣಗಿದ್ರು, ಮುಂದೆ ವಿಧಾನಸೌಧ ಕಟ್ಟಿಸಿದ್ದೂ ಇವರೇ. ಮಂಗಳೂರಲ್ಲಿ ಹುಟ್ಟಿದ ಬೆನಗಲ್ ನರಸಿಂಗ ರಾವ್ ಸಂವಿಧಾನ ಸಲಹೆಗಾರರಾಗಿ ಮೊದಲ ಕರಡು ಮಾಡಿಕೊಟ್ರು, ಇವರ ಹೆಸರು ನಮ್ಮ ಮಕ್ಕಳ ಪ್ರಬಂಧದಲ್ಲಿ ಬರೋದೇ ಇಲ್ಲ, ಬೇಜಾರಾಗತ್ತೆ.

ಉಲ್ಲೇಖದ ವಿಷ್ಯದಲ್ಲಿ ತುಂಬಾ ಹುಷಾರು. ವಾಟ್ಸಾಪಲ್ಲಿ ಅಂಬೇಡ್ಕರ್ ಫೋಟೋ ಪಕ್ಕ ಬರೋ ಮಾತೆಲ್ಲ ಅವರದ್ದಲ್ಲ. ಅವರ ಬರಹ ಭಾಷಣಗಳ ಸಂಪುಟಗಳು ಕನ್ನಡದಲ್ಲೇ ಇವೆ, ಶಾಲೆ ಅಥವಾ ತಾಲೂಕು ಲೈಬ್ರರೀಲಿ ಕೇಳಿ, ಸಿಗದಿದ್ರೆ ಉದ್ಧರಣ ಚಿಹ್ನೆ ಹಾಕ್ದೇ ಸ್ವಂತ ಮಾತಲ್ಲಿ ಬರೀರಿ.

ಕಾಗುಣಿತ. "ಸಂವಿದಾನ", "ಮೂಲಬೂತ", "ಅಂಭೇಡ್ಕರ್", ಈ ಮೂರು ತಪ್ಪು ಮೊದಲ ಪುಟದಲ್ಲಿ ಕಂಡ್ರೆ ಆಮೇಲೆ ಎಷ್ಟು ಚೆನ್ನಾಗಿ ಬರೆದ್ರೂ ಮನಸ್ಸಲ್ಲಿ ಒಂದು ಮಾರ್ಕ್ ಹೋಗಿರತ್ತೆ, ಸುಳ್ಳು ಹೇಳಲ್ಲ. ಮಗೂ ಕೈಲಿ ಇವನ್ನ ಹತ್ತು ಸಲ ಬರೆಸಿ. ವಿಧಿ ಅಂತ ಶುರು ಮಾಡಿದ್ರೆ ಕೊನೆವರೆಗೂ ವಿಧಿ, ಅನುಚ್ಛೇದ ಅಂದ್ರೆ ಅನುಚ್ಛೇದ, ಮಿಕ್ಸ್ ಮಾಡ್ಬೇಡಿ. ಭಾಗ, ಅನುಸೂಚಿ, ತಿದ್ದುಪಡಿ ಮೂರೂ ಬೇರೆ ಬೇರೆ, ಅದೂ ನೆನಪಿರ್ಲಿ.

ಸ್ಥಳದಲ್ಲೇ ಬರೆಯೋದಾದ್ರೆ ಒಂದು ಗಂಟೇಲಿ ಮೊದಲ 10 ನಿಮಿಷ ಪೆನ್ನು ಮುಟ್ಟಬಾರದು, ಪೆನ್ಸಿಲಲ್ಲಿ ಹಿಂದಿನ ಪುಟದಲ್ಲಿ ಐದು ಪಾಯಿಂಟ್ ಹಾಕ್ಕೊಳ್ಳೋದು, 40 ನಿಮಿಷ ಬರೆಯೋದು, 10 ನಿಮಿಷ ಓದೋದು. ಪಕ್ಕದೋನು ಎರಡನೇ ಶೀಟ್ ಕೇಳ್ದ ಅಂತ ಗಾಬರಿ ಬೇಡ.

5. ಚಿತ್ರ

ಚಿತ್ರದಲ್ಲೂ ಅದೇ ಕಾಯಿಲೆ. ತಕ್ಕಡಿ, ಮುರಿದ ಸರಪಳಿ, ಪುಸ್ತಕ ಹಿಡಿದ ಅಂಬೇಡ್ಕರ್, ತ್ರಿವರ್ಣದ ಹಿನ್ನೆಲೆ, ನಾಲ್ಕು ಧರ್ಮದ ನಾಲ್ಕು ಜನ ಕೈಹಿಡಿದು ನಿಂತಿರೋದು. ಬಿಡಿಸೋ ಕೈ ಚೆನ್ನಾಗಿದ್ರೆ ಇವಕ್ಕೂ ಬಹುಮಾನ ಬರತ್ತೆ, ಇಲ್ಲ ಅನ್ನಲ್ಲ, ಆದ್ರೆ ಐವತ್ತು ಶೀಟಲ್ಲಿ ಮೂವತ್ತು ಇದೇ ಇದ್ದಾಗ ನಿಮ್ಮದು ಕಾಣೋದು ಹೇಗೆ.

ಕೂರೋ ಮೊದಲು ಮಗೂಗೆ ಸಂವಿಧಾನದ ಮೂಲ ಹಸ್ತಪ್ರತಿಯ ಪುಟಗಳನ್ನ ತೋರಿಸಿ, ನೆಟ್ಟಲ್ಲಿ ಸಿಗತ್ತೆ. ಶಾಂತಿನಿಕೇತನದ ನಂದಲಾಲ್ ಬೋಸ್ ಮತ್ತು ಅವರ ಶಿಷ್ಯರು ಚಿತ್ರ ಬರೆದ್ರು, ಇಂಗ್ಲಿಷ್ ಪ್ರತಿಯ ಅಕ್ಷರ ಪೂರ್ತಿ ಪ್ರೇಮ್ ಬಿಹಾರಿ ನಾರಾಯಣ್ ರಾಯ್‌ಜಾದಾ ಕೈಬರಹ. ಮೂಲಭೂತ ಹಕ್ಕುಗಳ ಭಾಗದ ಮೇಲೆ ರಾಮ, ಸೀತೆ, ಲಕ್ಷ್ಮಣ ಲಂಕೆಯಿಂದ ವಾಪಸ್ ಬರೋ ದೃಶ್ಯ ಇದೆ, 16ನೇ ಭಾಗದಲ್ಲಿ ಝಾನ್ಸಿ ರಾಣಿ ಜೊತೆ ನಮ್ಮ ಟಿಪ್ಪು ಇದ್ದಾನೆ. ಎಲ್ಲೂ ತಕ್ಕಡಿ ಎಳೆದು ಕೆಳಗೆ "ನ್ಯಾಯ" ಅಂತ ಬರೆದಿಲ್ಲ, ಕಥೆಯ ಒಂದು ಕ್ಷಣ ಹಿಡಿದಿದ್ದಾರೆ.

ಹಾಗಾಗಿ ಮಗು ಒಂದು ಕ್ಷಣ ಆರಿಸ್ಲಿ. ನನ್ನ ಒಬ್ಬ ವಿದ್ಯಾರ್ಥಿನಿ ಅಸ್ಪೃಶ್ಯತೆ ನಿಷೇಧಿಸೋ 17ನೇ ವಿಧಿಗೆ ಚಹಾ ಅಂಗಡಿ ಬರೆದಿದ್ಳು. ಒಳಗೆ ಮೇಜಿನ ಮೇಲೆ ಗಾಜಿನ ಲೋಟಗಳ ಸಾಲು, ಹೊರಗೋಡೆ ಮೊಳೆಗೆ ನೇತುಹಾಕಿದ ಒಂದೇ ಒಂದು ಲೋಟ, ಜನ ಯಾರೂ ಇಲ್ಲ, ಅಕ್ಷರ ಬರೀ "17". ಅದಕ್ಕೆ ಸಮಾಧಾನಕರ ಬಹುಮಾನ ಬಂತು, ಮೊದಲನೇದು ತ್ರಿವರ್ಣದ ಪಾರಿವಾಳಕ್ಕೆ ಹೋಯ್ತು. ನನಗೆ ಇವತ್ತಿಗೂ ಆ ಲೋಟ ಕಣ್ಮುಂದೆ ಇದೆ, ಪಾರಿವಾಳ ಹೇಗಿತ್ತು ಅಂತ ಮರೆತೇಹೋಗಿದೆ.

ಇಲ್ಲೊಂದು ಮಾತು. ಜಾತಿ, ಬಡತನ, ಅಂಗವೈಕಲ್ಯ ಬರೆಯುವಾಗ ಜನರನ್ನ ಕುಗ್ಗಿ ಕೂತ, ಅಳ್ತಿರೋ ಗೊಂಬೆ ಥರ ಬರೀಬೇಡಿ. ಆ ಚಿತ್ರದ ಮುಂದೆ ಅದೇ ಸಮುದಾಯದ ಮಗು ಬಂದು ನಿಲ್ಲತ್ತೆ. ಹಕ್ಕು ಅಂದ್ರೆ ಭಿಕ್ಷೆ ಅಲ್ವಲ್ಲ, ತಲೆ ಎತ್ತಿರೋ ಹಾಗೆ ಬರೀರಿ.

ಕೆಲಸದ ಕ್ರಮ ಹೀಗೆ. ರಫ್ ಶೀಟಲ್ಲಿ ಬೆಂಕಿಪೊಟ್ಟಣ ಸೈಜಿನ ನಾಲ್ಕು ಚಿಕ್ಕ ಸ್ಕೆಚ್ ಹಾಕಿ, ಒಂದೇ ದೃಶ್ಯ ನಾಲ್ಕು ಥರ, ಹತ್ತಿರದಿಂದ, ದೂರದಿಂದ, ಮೇಲಿಂದ. ಒಂದನ್ನ ಆರಿಸಿ. ದೊಡ್ಡ ಶೀಟಿಗೆ ಎಚ್‌ಬಿ ಪೆನ್ಸಿಲಲ್ಲಿ ತೆಳ್ಳಗೆ ಎಳೀರಿ, ಒತ್ತಿ ಎಳೆದ್ರೆ ರಬ್ಬರ್ ಹಾಕಿದ ಜಾಗದಲ್ಲಿ ಬಣ್ಣ ಕಲೆ ಕಟ್ಟತ್ತೆ. ವಾಟರ್ ಕಲರ್ ಆದ್ರೆ ತಿಳಿ ಬಣ್ಣ ಮೊದಲು ಗಾಢ ಆಮೇಲೆ, ಪೋಸ್ಟರ್ ಕಲರ್ ಆದ್ರೆ ಒಂದು ಪದರ ಪೂರ್ತಿ ಒಣಗದೆ ಇನ್ನೊಂದು ಹಾಕ್ಬೇಡಿ. ಎರಡು ಗಂಟೆ ಸ್ಪರ್ಧೆ ಅಂದ್ರೆ ಪೆನ್ಸಿಲ್ ಕೆಲಸ 35 ನಿಮಿಷಕ್ಕೆ ಮುಗೀಬೇಕು. ಮಧ್ಯೆ ಒಂದು ಸಲ ಎದ್ದು ನಾಲ್ಕು ಹೆಜ್ಜೆ ಹಿಂದೆ ಹೋಗಿ ನೋಡ್ಲಿ, ಅಲ್ಲಿಂದ ವಿಷಯ ಗೊತ್ತಾಗ್ಲಿಲ್ಲ ಅಂದ್ರೆ ಮುಖ್ಯ ವಸ್ತು ಚಿಕ್ಕದಾಗಿದೆ ಅಂತ ಅರ್ಥ.

ಪೋಸ್ಟರ್ ಸ್ಪರ್ಧೆ ಆಗಿದ್ರೆ ಮಾತ್ರ ಘೋಷಣೆ ಬೇಕು, ನಾಲ್ಕೈದು ಪದ ಸಾಕು. ಕನ್ನಡ ಅಕ್ಷರಕ್ಕೆ ಕೆಳಗೆ ಒತ್ತಕ್ಷರದ ಜಾಗ ಬಿಡ್ಬೇಕು ಅನ್ನೋದು ಮರೆತು "ಹಕ್ಕು" ಅನ್ನೋ ಪದದ ಕ ಒತ್ತು ಶೀಟಿನ ಅಂಚಿಗೆ ಹೋಗಿ ಕೂತಿರೋದು ಎಷ್ಟು ಸಲ ನೋಡಿದ್ದೀನೋ. ಬಾವುಟ ಬರೆದ್ರೆ ಕೇಸರಿ ಮೇಲೆ, ಚಕ್ರ ಕಡುನೀಲಿ, ಕಡ್ಡಿ 24, ಉದ್ದ ಅಗಲ 3ಕ್ಕೆ 2. ಕಡ್ಡಿ ಎಣಿಸೋ ತೀರ್ಪುಗಾರರೂ ಇರ್ತಾರೆ. ಭಾರತದ ನಕ್ಷೆ ಕೈಯಲ್ಲಿ ಎಳೆಯೋಕೆ ಹೋಗಿ ಗಡಿ ತಪ್ಪೋದಕ್ಕಿಂತ ನಕ್ಷೆ ಬಿಟ್ಟುಬಿಡೋದು ವಾಸಿ.

6. ಅಪ್ಪ ಅಮ್ಮ ಎಷ್ಟು ಸಹಾಯ ಮಾಡ್ಬಹುದು

ಕೇಳಿ, ಬರೀಬೇಡಿ. "ನಿನಗೆ ಯಾಕೆ ಹಾಗನ್ನಿಸ್ತು", "ಅದನ್ನ ಎಲ್ಲಿ ನೋಡ್ದೆ", ಈ ಎರಡು ಪ್ರಶ್ನೆ ಸಾಕು. ದೊಡ್ಡವರು ಬರೆದಿದ್ದು ಒಂದು ಪ್ಯಾರಾ ಓದಿದ್ರೆ ಗೊತ್ತಾಗತ್ತೆ, ಆರನೇ ಕ್ಲಾಸಿನ ಮಗು "ಪ್ರಜಾಸತ್ತಾತ್ಮಕ ಮೌಲ್ಯಗಳ ಪರಿಪಾಲನೆಯಲ್ಲಿ" ಅಂತ ಬರೆಯಲ್ಲ. ಎಐ ಕೈಲಿ ಬರೆಸಿದ್ದಂತೂ ಇನ್ನೂ ಬೇಗ ಸಿಕ್ಕಿಬೀಳತ್ತೆ, ನಾಲ್ಕು ಮಕ್ಕಳದ್ದು ಒಂದೇ ಥರ ಬಂದಿರತ್ತೆ. ಅನುಮಾನ ಬಂದ್ರೆ ಕರೆದು ಎರಡು ಪ್ರಶ್ನೆ ಕೇಳ್ತೀವಿ, ಪಾಪ ಮಗು ನೆಲ ನೋಡತ್ತೆ, ಅವಮಾನ ಆಗೋದು ಅದಕ್ಕೆ.

7. ನಡೆಸೋ ಮೇಷ್ಟ್ರು ಮೇಡಂಗಳಿಗೆ

ಹೆಸರಿನ ಬದಲು ಕೋಡ್ ನಂಬರ್ ಹಾಕಿ, ಇಬ್ಬರು ಬೇರೆ ಬೇರೆ ಕೂತು ಅಂಕ ಕೊಡ್ಲಿ. ಅಂಕ ಹಂಚಿಕೆ ಮೊದಲೇ ಮಕ್ಕಳಿಗೆ ಹೇಳಿ, ನಾನು ಸ್ವಂತ ಯೋಚನೆಗೆ 40, ವಿಷಯ ಸರಿ ಇರೋದಕ್ಕೆ 30, ಭಾಷೆ ಅಥವಾ ಬಣ್ಣಗಾರಿಕೆಗೆ 20, ಅಚ್ಚುಕಟ್ಟಿಗೆ 10 ಇಡ್ತೀನಿ. ಅಕ್ಷರ ದುಂಡಗಿದೆ ಅಂತ ಬಹುಮಾನ ಕೊಡೋ ಚಾಳಿ ಬಿಡ್ಬೇಕು ನಾವು. ಉರ್ದು, ಮರಾಠಿ, ತೆಲುಗು ಮನೆಮಾತಿನ ಮಕ್ಕಳಿಗೆ ಅವರ ಭಾಷೇಲೂ ಬರೆಯೋಕೆ ಬಿಡಿ, ಓದೋರು ಒಬ್ಬರು ಸಿಕ್ಕೇ ಸಿಗ್ತಾರೆ. ಬಣ್ಣ ಕೊಳ್ಳೋಕೆ ಆಗ್ದಿರೋ ಮಕ್ಕಳಿಗೆ ಎಸ್‌ಡಿಎಂಸಿ, ಅಂದ್ರೆ ಶಾಲಾಭಿವೃದ್ಧಿ ಸಮಿತಿಯೋರಿಗೆ ಹೇಳಿ ಒಂದಷ್ಟು ಬಾಕ್ಸ್ ತರಿಸಿಡಿ, ಸಮಾನತೆ ಬಗ್ಗೆ ಸ್ಪರ್ಧೆ ಇಟ್ಟು ಬಣ್ಣ ಇರೋರು ಮಾತ್ರ ಬನ್ನಿ ಅಂದ್ರೆ ಹೇಗೆ. ಪ್ಲಾಸ್ಟಿಕ್ ಟ್ರೋಫಿ ಬದಲು ಪುಸ್ತಕ ಕೊಡಿ. ಗೆದ್ದಿದ್ದು ಮಾತ್ರ ಅಲ್ಲ, ಎಲ್ಲ ಚಿತ್ರಗಳನ್ನೂ ವರಾಂಡದಲ್ಲಿ ಒಂದು ವಾರ ಹಾಕಿ.

8. ಕೊಡೋ ಮುಂಚೆ

ಪ್ರಬಂಧದ, ಚಿತ್ರದ ಫೋಟೋ ಮೊಬೈಲಲ್ಲಿ ತೆಕ್ಕೊಳ್ಳಿ, ವಾಪಸ್ ಬರೋ ಗ್ಯಾರಂಟಿ ಇಲ್ಲ. ಹಿಂದೆ ಪೆನ್ಸಿಲಲ್ಲಿ ಮೆತ್ತಗೆ ಹೆಸರು, ತರಗತಿ, ಶಾಲೆ, ಯಾವ ವಿಧಿ ಅಂತ ಬರೀರಿ, ಬಾಲ್ ಪೆನ್ನಲ್ಲಿ ಒತ್ತಿ ಬರೆದ್ರೆ ಮುಂದಕ್ಕೆ ಅಚ್ಚು ಬೀಳತ್ತೆ. ಪ್ರಬಂಧದ ಹಾಳೆಗಳಿಗೆ ಪುಟ ಸಂಖ್ಯೆ ಹಾಕಿ ಮೂಲೆಗೆ ಪಿನ್ ಹೊಡೀರಿ. ಚಿತ್ರ ಮಡಚ್ಬೇಡಿ, ಸುತ್ತಿ. ಪೋಸ್ಟರ್ ಕಲರ್ ಆಗಿದ್ರೆ ಮೇಲೊಂದು ತೆಳು ಕಾಗದ ಇಟ್ಟು ಬಣ್ಣದ ಮುಖ ಹೊರಗಡೆ ಬರೋ ಹಾಗೆ ಸಡಿಲವಾಗಿ ಸುತ್ತಿ, ಒಳಮುಖ ಸುತ್ತಿದ್ರೆ ಬಿಚ್ಚುವಾಗ ಬಣ್ಣ ಬಿರುಕು ಬಿಟ್ಟು ಪುಡಿಪುಡಿ ಉದುರತ್ತೆ.